ವಿಮಾನಕ್ಕೆ ಬಂದೂಕು ಬಂದ ಬಗೆ: ಮುಂಬಯಿಯ ವಾಯುಯಾನ ಚರಿತ್ರೆಯ ಒಂದು ಅಧ್ಯಾಯ

ಸೈನ್ಯಕ್ಕೆ ವಿಮಾನ ಮೊದಲು ಕಣ್ಣಾಗಿ ಒದಗಿತು, ಆಮೇಲೆ ಕೈಯಾಯಿತು. 1911ರ ಜನವರಿಯಲ್ಲಿ ದಖ್ಖನಿನ ಔರಂಗಾಬಾದ್ ಸುತ್ತಮುತ್ತ ನಡೆದ ಅಶ್ವದಳದ ಸಮರಾಭ್ಯಾಸದಲ್ಲಿ ಫ್ರೆಂಚ್ ಪೈಲಟ್ ಆನ್ರಿ ಜೂಲರೋ ಅವರು ಬ್ರಿಸ್ಟಲ್ ಬಾಕ್ಸ್‌ಕೈಟ್ ವಿಮಾನವನ್ನು ಹಾರಿಸಿದರು. ಜೊತೆಗಿದ್ದ ಕ್ಯಾಪ್ಟನ್ ಸೆಫ್ಟನ್ ಬ್ರಾಂಕರ್ ಕೆಳಗಿನ ಪಡೆಗಳು ಎಲ್ಲಿವೆ, ಯಾವ ಕಡೆ ಸಾಗುತ್ತಿವೆ ಎಂದು ಗುರುತು ಹಾಕಿಕೊಂಡರು. ಭಾರತದಲ್ಲಿ ಸೈನ್ಯದ ಕೆಲಸಕ್ಕೆ ವಿಮಾನ ಬಳಕೆಯಾದ ಮೊದಲ ಸಂದರ್ಭಗಳಲ್ಲಿ ಇದೊಂದು. ಅದರಲ್ಲಿ ಆಯುಧವೆಂಬುದು ಇರಲಿಲ್ಲ. ಮುಂದಿನ ಏಳೆಂಟು ವರ್ಷಗಳಲ್ಲಿ ವಿಮಾನಕ್ಕೆ ಬಾಂಬು ಬಂತು, ಮಷಿನ್‌ಗನ್ ಬಂತು, ಅವನ್ನು ಇಡುವ ಜಾಗವೂ ನಿಶ್ಚಿತವಾಯಿತು. ಈ ಬೆಳವಣಿಗೆಯ ಜೊತೆ ಮುಂಬಯಿಯ ನಂಟು ಮೂರು ಕಡೆಯಿಂದ ಬೆಸೆದುಕೊಂಡಿದೆ: ಇಲ್ಲಿನ ಬಂದರು, ಇಲ್ಲಿ ಹುಟ್ಟಿ ಫ್ರಾನ್ಸಿನ ಆಕಾಶದಲ್ಲಿ ಕಾದಾಡಿದ ಒಬ್ಬ ತರುಣ, ಮತ್ತು ಜುಹೂವಿನ ವಿಮಾನ ನಿಲ್ದಾಣ.

ಕೈಯಿಂದ ಎಸೆದ ಬಾಂಬು

ವಿಮಾನದಿಂದ ಯುದ್ಧದಲ್ಲಿ ಮೊದಲ ಬಾಂಬು ಬಿದ್ದದ್ದು 1911ರ ನವೆಂಬರ್ 1ರಂದು, ಲಿಬಿಯಾದಲ್ಲಿ. ತುರ್ಕರ ವಿರುದ್ಧ ಹೋರಾಡುತ್ತಿದ್ದ ಇಟಲಿಯ ಸೇನೆಯ ಲೆಫ್ಟಿನೆಂಟ್ ಜೂಲಿಯೋ ಗಾವೊಟ್ಟಿ ತಮ್ಮ ಟಾಬೆ ವಿಮಾನದಿಂದ ನಾಲ್ಕು ಸಣ್ಣ ಬಾಂಬುಗಳನ್ನು ಕೆಳಗೆಸೆದರು. ಒಂದೊಂದರ ತೂಕ 2 ಕಿಲೋ ಆಸುಪಾಸು. ಒಂದು ಕೈ ವಿಮಾನದ ಹತೋಟಿಯ ಮೇಲಿದ್ದುದರಿಂದ ಸಿಡಿಮದ್ದು ಜೋಡಿಸುವ ಕೆಲಸವೆಲ್ಲ ಇನ್ನೊಂದು ಕೈಯದೇ ಆಗಿತ್ತು. ಗುರಿ ಹಿಡಿಯುವ ಸಾಧನ ಇರಲಿಲ್ಲ; ಕಣ್ಣಂದಾಜೇ ಎಲ್ಲ.

ಬಂದೂಕಿನ ಪ್ರಯೋಗಗಳೂ ಅದೇ ಹೊತ್ತಿಗೆ ಶುರುವಾಗಿದ್ದವು. ಅಮೆರಿಕದಲ್ಲಿ 1910ರ ಆಗಸ್ಟ್‌ನಲ್ಲಿ ಲೆಫ್ಟಿನೆಂಟ್ ಜೇಕಬ್ ಫಿಕೆಲ್ ಹಾರುವ ವಿಮಾನದಿಂದ ರೈಫಲ್ ಹಾರಿಸಿದರು. 1912ರ ಜೂನ್ 7ರಂದು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿ ಕ್ಯಾಪ್ಟನ್ ಚಾರ್ಲ್ಸ್ ಚಾಂಡ್ಲರ್ ರೈಟ್ ವಿಮಾನದಲ್ಲಿ ಕುಳಿತು ಲೂಯಿಸ್ ಮಷಿನ್‌ಗನ್ನನ್ನು ಪರೀಕ್ಷಿಸಿದರು. ಇಷ್ಟಾದರೂ 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬಹುತೇಕ ಸೈನಿಕ ವಿಮಾನಗಳು ನಿರಾಯುಧವಾಗಿದ್ದವು. ವೈಮಾನಿಕರು ಸೊಂಟದ ರಿವಾಲ್ವರನ್ನೋ ರೈಫಲನ್ನೋ ನೆಚ್ಚಿಕೊಂಡು ಮೇಲೇರುತ್ತಿದ್ದರು.

ಮುಂಬಯಿ ಬಂದರಿನಿಂದ ಮೆಸೊಪೊಟೇಮಿಯಾಕ್ಕೆ

1914ರ ಅಕ್ಟೋಬರ್‌ನಲ್ಲಿ 6ನೇ ಪೂನಾ ಡಿವಿಜನ್ನಿನ ಮೊದಲ ದಳ ಮುಂಬಯಿಯಿಂದ ಹಡಗೇರಿ ಪರ್ಷಿಯನ್ ಕೊಲ್ಲಿಯ ಕಡೆ ಹೊರಟಿತು. 103, 110 ಮತ್ತು 117ನೇ ಮರಾಠಾ ಪಲ್ಟಣಗಳು ಈ ಡಿವಿಜನ್ನಿನಲ್ಲಿದ್ದವು. ಇವು ಮುಂದೆ ಬೆಳಗಾವಿಯಲ್ಲಿ ತರಬೇತಿ ಕೇಂದ್ರ ಹೊಂದಿದ ಮರಾಠಾ ಲಘು ಪದಾತಿ ದಳದ ಪೂರ್ವಜ ಪಲ್ಟಣಗಳು. ಈ ಸೇನೆಗೆ ವಿಮಾನಗಳು ಬೇಕೆಂದು ಭಾರತ ಸರ್ಕಾರ ಆಸ್ಟ್ರೇಲಿಯವನ್ನು ಕೇಳಿಕೊಂಡಿತು. ಹೀಗೆ ಬಂದ 'ಹಾಫ್ ಫ್ಲೈಟ್' ಎಂಬ ಪುಟ್ಟ ತುಕಡಿ 1915ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯ ಬಿಟ್ಟು, ಮುಂಬಯಿ ಮಾರ್ಗವಾಗಿ ಮೇ ಕೊನೆಯ ವಾರ ಬಸ್ರಾ ತಲುಪಿತು. ಅದರ ಮುಖ್ಯಸ್ಥ ಕ್ಯಾಪ್ಟನ್ ಹೆನ್ರಿ ಪೀಟರ್.

ತುಕಡಿಗೆ ಮೊದಲು ಸಿಕ್ಕಿದ್ದು ಮೂರು ಮೋರಿಸ್ ಫಾರ್ಮನ್ ವಿಮಾನಗಳು. ಎಂಜಿನ್ ಮತ್ತು ಪ್ರೊಪೆಲರ್ ಹಿಂಬದಿಗಿದ್ದು ವಿಮಾನವನ್ನು ತಳ್ಳುವ ಮಾದರಿ ಅದು. ಬೇಹುಗಾರಿಕೆ ಅವುಗಳ ಮುಖ್ಯ ಕೆಲಸ. ಮರುಭೂಮಿಯ ಬಿಸಿಗಾಳಿಯಲ್ಲಿ ಅವುಗಳ ಎಂಜಿನ್ ಸೋಲುತ್ತಿತ್ತು. 1915ರ ಜುಲೈ 30ರಂದು ಎಂಜಿನ್ ಕೆಟ್ಟು ನೆಲಕ್ಕಿಳಿದ ಲೆಫ್ಟಿನೆಂಟ್ ಮರ್ಜ್ ಮತ್ತು ಲೆಫ್ಟಿನೆಂಟ್ ಬರ್ನ್ ಕೈಯಲ್ಲಿದ್ದ ರಿವಾಲ್ವರುಗಳಿಂದಲೇ ಹೋರಾಡುತ್ತ ಅಸುನೀಗಿದರು. 1916ರ ಏಪ್ರಿಲ್‌ನಲ್ಲಿ ಕುತ್ ನಗರದಲ್ಲಿ ಪೂನಾ ಡಿವಿಜನ್ ತುರ್ಕರ ಮುತ್ತಿಗೆಗೆ ಸಿಕ್ಕು ಹಸಿದಿದ್ದಾಗ ವಿಮಾನಗಳು ಹಿಟ್ಟಿನ ಮೂಟೆಗಳನ್ನು ಮೇಲಿನಿಂದ ಉದುರಿಸಿದವು. ವಿಮಾನದಿಂದ ಸೇನೆಗೆ ಆಹಾರ ಪೂರೈಸಿದ ಮೊದಲ ದೊಡ್ಡ ಪ್ರಯತ್ನವಿದು. ಬಿದ್ದ ಆಹಾರ ಸಾಲದಾಯಿತು. ಏಪ್ರಿಲ್ 29ರಂದು ಕುತ್ ಶರಣಾಯಿತು.

ಪ್ರೊಪೆಲರಿನ ಅಡ್ಡಿ

ಅಷ್ಟರಲ್ಲಿ ಯುರೋಪಿನಲ್ಲಿ ಬಂದೂಕಿನ ಪ್ರಶ್ನೆ ತೀವ್ರವಾಗಿತ್ತು. 1914ರ ಅಕ್ಟೋಬರ್ 5ರಂದು ಫ್ರೆಂಚರ ವಾಜಾಂ ವಿಮಾನದಿಂದ ಫ್ರಾಂಜ್ ಮತ್ತು ಕೆನೋ ಜೋಡಿ ಜರ್ಮನ್ ವಿಮಾನವೊಂದನ್ನು ಹಾಚ್‌ಕಿಸ್ ಮಷಿನ್‌ಗನ್ನಿನಿಂದ ಹೊಡೆದುರುಳಿಸಿತು. ವಾಜಾಂ ಕೂಡ ಹಿಂಬದಿ ಪ್ರೊಪೆಲರಿನದು. ಆದ್ದರಿಂದ ಮೂತಿಯಲ್ಲಿ ಬಂದೂಕಿಗೆ ಜಾಗವಿತ್ತು. ಆದರೆ ಆ ಮಾದರಿಯ ವಿಮಾನಗಳು ನಿಧಾನ. ಪ್ರೊಪೆಲರ್ ಮುಂದಿರುವ ವಿಮಾನಗಳು ಚುರುಕು, ಆದರೆ ಅವುಗಳಲ್ಲಿ ಪೈಲಟ್ ನೇರ ಮುಂದಕ್ಕೆ ಗುಂಡು ಹಾರಿಸಿದರೆ ತನ್ನದೇ ಪ್ರೊಪೆಲರ್ ಚೂರಾಗುತ್ತಿತ್ತು. ನಿಮಿಷಕ್ಕೆ 1,200 ಸುತ್ತು ತಿರುಗುವ ಎರಡು ಅಲಗಿನ ಪ್ರೊಪೆಲರ್ ಬಂದೂಕಿನ ಬಾಯಿಯೆದುರು ಸೆಕೆಂಡಿಗೆ 40 ಸಲ ಹಾದುಹೋಗುತ್ತದೆ.

ಫ್ರಾನ್ಸಿನ ರೋಲಾಂ ಗಾರೋ ಕಂಡುಕೊಂಡದ್ದು ಒರಟು ಉಪಾಯ. ಮೊರಾನ್-ಸಾಲ್ನಿಯೇ ವಿಮಾನದ ಪ್ರೊಪೆಲರ್ ಅಲಗುಗಳಿಗೆ ಉಕ್ಕಿನ ಬೆಣೆಗಳನ್ನು ಬಿಗಿದು, ತಗಲಿದ ಗುಂಡು ಪಕ್ಕಕ್ಕೆ ಚಿಮ್ಮುವಂತೆ ಮಾಡಿದರು. 1915ರ ಏಪ್ರಿಲ್ 1ರಂದು ಈ ಏರ್ಪಾಟಿನಿಂದ ಮೊದಲ ಗೆಲುವು ದೊರೆಯಿತು. ಏಪ್ರಿಲ್ 18ರಂದು ಅವರು ವಿಮಾನ ಸಮೇತ ಜರ್ಮನರ ಕೈಗೆ ಸಿಕ್ಕರು. ಜರ್ಮನರ ಪರವಾಗಿ ಆಂಥನಿ ಫೋಕರ್ ಅವರ ಕಾರ್ಖಾನೆ ಬೇರೆ ದಾರಿ ಹಿಡಿಯಿತು. ಎಂಜಿನ್ನಿನ ಜೊತೆ ತಿರುಗುವ ಒಂದು ಕ್ಯಾಮ್, ಅದು ನೂಕುವ ಒಂದು ಸರಳು, ಆ ಸರಳಿನ ತುದಿಯಲ್ಲಿ ಬಂದೂಕಿನ ಟ್ರಿಗರ್. ಅಲಗು ಎದುರಿಗಿಲ್ಲದ ಕ್ಷಣದಲ್ಲಿ ಮಾತ್ರ ಗುಂಡು ಹಾರುತ್ತಿತ್ತು. ಇಂಥ ಸಾಧನಕ್ಕೆ ಫ್ರಾಂಜ್ ಶ್ನೈಡರ್ 1913ರಲ್ಲೇ ಪೇಟೆಂಟ್ ಪಡೆದಿದ್ದರು, ರೇಮೋಂ ಸಾಲ್ನಿಯೇ ಪ್ರಯೋಗವನ್ನೂ ನಡೆಸಿದ್ದರು. ಯುದ್ಧದಲ್ಲಿ ನಂಬಬಹುದಾದ ರೂಪ ಅದಕ್ಕೆ ಬಂದದ್ದು ಫೋಕರ್ ವಿಮಾನದಲ್ಲಿ. 1915ರ ಜುಲೈ 1ರಂದು ಕುರ್ಟ್ ವಿಂಟ್ಗೆನ್ಸ್ ಅದರಿಂದ ಮೊದಲ ವಿಮಾನವನ್ನು ಕೆಡವಿದರು. ಮುಂದಿನ ಕೆಲವು ತಿಂಗಳು ಜರ್ಮನರದೇ ಮೇಲುಗೈ.

ಬ್ರಿಟಿಷರಿಗೆ ಒಳ್ಳೆಯ ಉತ್ತರ ಕೊಟ್ಟವರು ರುಮೇನಿಯದ ಎಂಜಿನಿಯರ್ ಜಾರ್ಜ್ ಕಾನ್‌ಸ್ಟಾಂಟಿನೆಸ್ಕು. ಅವರ ಸಾಧನದಲ್ಲಿ ಸರಳುಗಳ ಬದಲು ದ್ರವ ತುಂಬಿದ ಕೊಳವೆ ಇತ್ತು. ದ್ರವದ ಒತ್ತಡದ ಅಲೆ ಎಂಜಿನ್ನಿನಿಂದ ಬಂದೂಕಿಗೆ ಸಂಕೇತ ಮುಟ್ಟಿಸುತ್ತಿತ್ತು. ಉದ್ದ ಸರಳುಗಳು ಸವೆದು ಲಯ ತಪ್ಪುವ ತೊಂದರೆ ಇದರಲ್ಲಿರಲಿಲ್ಲ, ಯಾವ ಎಂಜಿನ್ನಿಗೂ ಹೊಂದಿಸಬಹುದಿತ್ತು. 1917ರ ಮಾರ್ಚ್‌ನಲ್ಲಿ ಅದು ಫ್ರಾನ್ಸಿನ ರಣರಂಗಕ್ಕೆ ಬಂತು.

ಎರಡು ಬಂದೂಕು, ಎರಡು ಜಾಗ

ಬ್ರಿಟಿಷ್ ವಿಮಾನಗಳಲ್ಲಿ ಎರಡು ಬಂದೂಕುಗಳು ನೆಲೆಯೂರಿದವು. ವಿಕರ್ಸ್ ಬಂದೂಕಿಗೆ ಗುಂಡುಗಳು ಉದ್ದನೆಯ ಪಟ್ಟಿಯಲ್ಲಿ ಬರುತ್ತಿದ್ದವು. ಗುಂಡು ನಳಿಕೆಯಲ್ಲಿ ಮೊದಲೇ ಕುಳಿತಿರುವುದರಿಂದ ಟ್ರಿಗರ್ ಬಿದ್ದ ಕ್ಷಣವೇ ಸಿಡಿಯುತ್ತಿತ್ತು. ಹೀಗಾಗಿ ಪ್ರೊಪೆಲರಿನ ಲಯಕ್ಕೆ ಅದನ್ನು ಕಟ್ಟಿಹಾಕಲು ಸಾಧ್ಯವಾಯಿತು. ನೆಲದ ಮೇಲೆ ನೀರಿನಿಂದ ತಣಿಸುತ್ತಿದ್ದ ಅದರ ಹೊರಕವಚಕ್ಕೆ ವಿಮಾನದಲ್ಲಿ ಸೀಳುಗಂಡಿಗಳನ್ನು ಕೊರೆದು ಗಾಳಿಯನ್ನೇ ತಣಿಸಲು ಬಿಟ್ಟರು. ಮೇಲಿನ ಚಳಿಗೆ ಸೆಟೆದು ಸಿಕ್ಕಿಕೊಳ್ಳುತ್ತಿದ್ದ ಕ್ಯಾನ್‌ವಾಸ್ ಪಟ್ಟಿಯ ಬದಲು, ಗುಂಡು ಹಾರಿದಂತೆ ಬಿಡಿಬಿಡಿಯಾಗಿ ಉದುರುವ ಲೋಹದ ಕೊಂಡಿಗಳು ಬಂದವು.

ಅಮೆರಿಕದ ಐಸಾಕ್ ಲೂಯಿಸ್ ಹೆಸರಿನ ಬಂದೂಕು ಹಗುರ. ಗುಂಡುಗಳು ಅದರ ನೆತ್ತಿಯ ಮೇಲಿನ ದುಂಡನೆಯ ಡಬ್ಬಿಯಲ್ಲಿರುತ್ತಿದ್ದವು: ಮೊದಲು 47, ಬಳಿಕ 97. ಟ್ರಿಗರ್ ಒತ್ತಿದ ಮೇಲೆ ಬೋಲ್ಟ್ ಮುಂದಕ್ಕೆ ಧಾವಿಸಿ ಗುಂಡನ್ನು ನಳಿಕೆಗೆ ನೂಕಿ ಸಿಡಿಸಬೇಕಾಗಿದ್ದರಿಂದ ಕ್ಷಣದ ಲೆಕ್ಕ ನಿಖರವಾಗಿ ಸಿಗುತ್ತಿರಲಿಲ್ಲ. ಪ್ರೊಪೆಲರಿನ ಲಯಕ್ಕೆ ಅದು ಒಗ್ಗಲಿಲ್ಲ. ಆದ್ದರಿಂದ ಲೂಯಿಸ್‌ಗೆ ಪ್ರೊಪೆಲರಿನ ದಾರಿ ತಪ್ಪಿಸಿ ಜಾಗ ಹುಡುಕಬೇಕಾಯಿತು. ಸಾರ್ಜೆಂಟ್ ಫಾಸ್ಟರ್ ರೂಪಿಸಿದ ಬಾಗಿದ ಹಳಿಯ ಮೇಲೆ ಅದು ಮೇಲಿನ ರೆಕ್ಕೆಯನ್ನೇರಿತು. ವಾರಂಟ್ ಆಫೀಸರ್ ಸ್ಕಾರ್ಫ್ ರೂಪಿಸಿದ ತಿರುಗುವ ಬಳೆಯ ಮೇಲೆ ಹಿಂದಿನ ಆಸನದ ವೀಕ್ಷಕನ ಕೈಸೇರಿತು.

ಜೆಪೆಲಿನ್‌ಗಳ ವಿರುದ್ಧ ಬಂದೂಕಿನಷ್ಟೇ ಗುಂಡೂ ಮುಖ್ಯವಾಯಿತು. ಜಲಜನಕ ತುಂಬಿದ ಆ ವಾಯುನೌಕೆಗಳಿಗೆ ಸಾಮಾನ್ಯ ಗುಂಡು ತೂತು ಮಾಡುತ್ತಿತ್ತೇ ಹೊರತು ಬೆಂಕಿ ಹಚ್ಚುತ್ತಿರಲಿಲ್ಲ. ಬಕಿಂಗ್‌ಹ್ಯಾಂ, ಬ್ರಾಕ್, ಪೊಮರಾಯ್ ಎಂಬ ಮೂವರು ಬೇರೆಬೇರೆಯಾಗಿ ರೂಪಿಸಿದ ಉರಿಯುವ ಮತ್ತು ಸಿಡಿಯುವ ಗುಂಡುಗಳು ಈ ಕೊರತೆ ನೀಗಿಸಿದವು. 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ ಲಂಡನ್ನಿನ ಉತ್ತರಕ್ಕೆ ಎಸ್‌ಎಲ್ 11 ಎಂಬ ಜರ್ಮನ್ ವಾಯುನೌಕೆಯನ್ನು ಲೂಯಿಸ್ ಬಂದೂಕಿನಿಂದ ಸುಟ್ಟು ಕೆಡವಿದ ಲೆಫ್ಟಿನೆಂಟ್ ವಿಲಿಯಂ ಲೀಫ್ ರಾಬಿನ್‌ಸನ್ ಹುಟ್ಟಿದ್ದು ಕೊಡಗಿನ ಪಾಲಿಬೆಟ್ಟದ ಕಾಫಿ ತೋಟದಲ್ಲಿ. ಓದಿದ ಶಾಲೆಗಳಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಒಂದು. ಎರಡು ಡಬ್ಬಿ ಗುಂಡು ವ್ಯರ್ಥವಾಗಿ, ಮೂರನೆಯದನ್ನು ಒಂದೇ ಜಾಗಕ್ಕೆ ಗುರಿಯಿಟ್ಟು ಹಾರಿಸಿದಾಗ ನೌಕೆ ಹೊತ್ತಿಕೊಂಡಿತು. ಆ ಸಾಧನೆಗೆ ಅವರಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು.

ಮುಂಬಯಿಯ ವೆಲಿಂಕರ್

ಭಾರತೀಯರಿಗೆ ಸೇನೆಯ ಕಿಂಗ್ಸ್ ಕಮಿಷನ್, ಅಂದರೆ ಅಧಿಕಾರಿ ಹುದ್ದೆ, ಬಹುಮಟ್ಟಿಗೆ ಮುಚ್ಚಿದ ಬಾಗಿಲಾಗಿದ್ದ ಕಾಲದಲ್ಲಿ ನಾಲ್ವರು ಭಾರತೀಯ ತರುಣರು ಬ್ರಿಟಿಷ್ ಸೇನೆಯ ವಿಮಾನ ವಿಭಾಗವಾದ ರಾಯಲ್ ಫ್ಲೈಯಿಂಗ್ ಕೋರ್ ಸೇರಿ ಪಶ್ಚಿಮ ರಣರಂಗದಲ್ಲಿ ಪೈಲಟ್‌ಗಳಾಗಿ ಕಾದಾಡಿದರು: ಹರ್ದಿತ್ ಸಿಂಗ್ ಮಲಿಕ್, ಇಂದ್ರಲಾಲ್ ರಾಯ್, ಎರೋಲ್ ಸೇನ್ ಮತ್ತು ಶ್ರೀಕೃಷ್ಣ ಚಂದ್ರ ವೆಲಿಂಕರ್. ಈ ನಾಲ್ವರ ವಿಮಾನಗಳನ್ನು ಒಟ್ಟಿಗಿಟ್ಟು ನೋಡಿದರೆ ಆ ಕಾಲದ ಬಂದೂಕಿನ ಏರ್ಪಾಟುಗಳೆಲ್ಲ ಕಣ್ಣಿಗೆ ಬೀಳುತ್ತವೆ.

ಮಲಿಕ್ ಮತ್ತು ಸೇನ್ ಹಾರಿಸಿದ ಸಾಪ್‌ವಿತ್ ಕ್ಯಾಮಲ್‌ನಲ್ಲಿ ಪೈಲಟ್‌ನ ಎದುರು ಜೋಡಿ ವಿಕರ್ಸ್ ಬಂದೂಕುಗಳಿದ್ದವು. ಅವುಗಳ ಮೇಲಿನ ಡುಬ್ಬದಿಂದಲೇ ವಿಮಾನಕ್ಕೆ ಒಂಟೆಯ ಹೆಸರು ಬಂತು. ರಾಯ್ ಅವರ ಎಸ್‌ಇ 5ಎ ವಿಮಾನದಲ್ಲಿ ಮೂತಿಯ ಮೇಲೆ ಒಂದು ವಿಕರ್ಸ್, ರೆಕ್ಕೆಯ ಮೇಲೆ ಫಾಸ್ಟರ್ ಹಳಿಯಲ್ಲಿ ಒಂದು ಲೂಯಿಸ್. ಡಬ್ಬಿ ಖಾಲಿಯಾದಾಗ ಪೈಲಟ್ ಬಂದೂಕನ್ನು ಹಳಿಯ ಮೇಲೆ ಕೆಳಗೆಳೆದು, ಎದುರುಗಾಳಿಯಲ್ಲೇ ಹೊಸ ಡಬ್ಬಿ ಕೂರಿಸಬೇಕಿತ್ತು. 1918ರ ಜುಲೈ 6ರಿಂದ 19ರೊಳಗೆ ರಾಯ್ 10 ವಿಜಯಗಳನ್ನು ಗಳಿಸಿದರು; ಜುಲೈ 22ರಂದು ವಾಯುಕಾಳಗದಲ್ಲಿ ಮಡಿದರು.

ವೆಲಿಂಕರ್ 1894ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಕೇಂಬ್ರಿಜ್‌ನ ಜೀಸಸ್ ಕಾಲೇಜಿನಲ್ಲಿ ಓದಿದವರು. 23ನೇ ಸ್ಕ್ವಾಡ್ರನ್ನಿನಲ್ಲಿ ಅವರು ಹಾರಿಸಿದ್ದು ಸಾಪ್‌ವಿತ್ ಡಾಲ್ಫಿನ್. ಹರ್ಬರ್ಟ್ ಸ್ಮಿತ್ ವಿನ್ಯಾಸದ ಈ ವಿಮಾನ 1917ರಲ್ಲಿ ಮೊದಲು ಹಾರಿತು. ಇದರ ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಹಿಂದಕ್ಕಿತ್ತು, ನಡುವಿನ ಭಾಗ ಬಟ್ಟೆಯಿಲ್ಲದ ಬರೀ ಚೌಕಟ್ಟಾಗಿತ್ತು. ಪೈಲಟ್‌ನ ತಲೆ ಆ ಚೌಕಟ್ಟಿನ ನಡುವೆ ಹೊರಬಂದು, ಮೇಲೂ ಮುಂದೂ ನೋಟ ವಿಶಾಲವಾಗಿ ಸಿಗುತ್ತಿತ್ತು. ಪ್ರೊಪೆಲರಿನ ಲಯಕ್ಕೆ ಕಟ್ಟಿದ ಎರಡು ವಿಕರ್ಸ್ ಮೂತಿಯ ಮೇಲಿದ್ದವು. ಪ್ರೊಪೆಲರಿನ ಮೇಲಿಂದ ಹಾರುವಂತೆ ಓರೆಯಾಗಿ ನಿಲ್ಲಿಸಿದ ಎರಡು ಲೂಯಿಸ್ ಚೌಕಟ್ಟಿಗೆ ಸಿಕ್ಕಿಸಲ್ಪಟ್ಟಿದ್ದವು. ಒಬ್ಬನೇ ಕೂರುವ ವಿಮಾನಕ್ಕೆ ನಾಲ್ಕು ಬಂದೂಕು ಆ ಕಾಲಕ್ಕೆ ದೊಡ್ಡ ಸಂಖ್ಯೆ. ಆದರೆ ಓರೆ ಬಂದೂಕುಗಳು ಓಲಾಡಿ ಪೈಲಟ್‌ನ ಮುಖಕ್ಕೆ ಬಡಿಯುತ್ತಿದ್ದವು, ತೂಕವೂ ಹೆಚ್ಚು. ಅನೇಕರು ಒಂದನ್ನೋ ಎರಡನ್ನೋ ತೆಗೆಸಿಬಿಡುತ್ತಿದ್ದರು.

1918ರ ಜೂನ್ 27ರಂದು ಗಸ್ತಿಗೆ ಹೋದ ವೆಲಿಂಕರ್ ಹಿಂದಿರುಗಲಿಲ್ಲ. ಗಾಯಗೊಂಡು ಜರ್ಮನರ ಸೆರೆಯಲ್ಲಿದ್ದ ಅವರು ಜೂನ್ 30ರಂದು ತೀರಿಕೊಂಡರು. ಅವರ ಸಮಾಧಿ ಫ್ರಾನ್ಸಿನ ಆಂಗಾರ್ ಗ್ರಾಮದ ಯುದ್ಧ ಸ್ಮಶಾನದಲ್ಲಿದೆ.

ಜುಹೂವಿನ ವಪಿಟಿಗಳು

1928ರಲ್ಲಿ ಜುಹೂ ವಿಮಾನ ನಿಲ್ದಾಣ ಆರಂಭವಾಯಿತು. ಬಾಂಬೆ ಫ್ಲೈಯಿಂಗ್ ಕ್ಲಬ್ ಹುಟ್ಟಿದ್ದೂ ಅದೇ ವರ್ಷ. ಮಳೆಗಾಲದಲ್ಲಿ ನೀರು ನಿಂತು ಕೆಸರಾಗುತ್ತಿದ್ದ ಆ ಮೈದಾನಕ್ಕೇ 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಬಂದಿಳಿದರು. ಅದಕ್ಕೆ ಒಂದು ವಾರ ಮುಂಚೆ, ಅಕ್ಟೋಬರ್ 8ರಂದು, ಭಾರತೀಯ ವಾಯುಪಡೆ ಕಾನೂನಿನ ರೂಪ ಪಡೆದಿತ್ತು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಅದರ ಮೊದಲ ಸ್ಕ್ವಾಡ್ರನ್ ನಾಲ್ಕು ವೆಸ್ಟ್‌ಲ್ಯಾಂಡ್ ವಪಿಟಿ ವಿಮಾನಗಳೊಡನೆ ಶುರುವಾಯಿತು.

ಎರಡನೆಯ ಮಹಾಯುದ್ಧ ಬಂದಾಗ ಕರಾವಳಿ ಕಾಯಲು ವಾಯುಪಡೆಯ ಸ್ವಯಂಸೇವಕ ಮೀಸಲು ತುಕಡಿಗಳನ್ನು ಕಟ್ಟಲಾಯಿತು. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರಾಟ ಕಲಿತ ನಾಗರಿಕರು ಇವುಗಳಿಗೆ ಸೇರಿದರು. ಮದ್ರಾಸ್, ಕಲ್ಕತ್ತ, ಕರಾಚಿ, ಕೊಚ್ಚಿಗಳಂತೆ ಮುಂಬಯಿಗೂ ಒಂದು ತುಕಡಿ ಬಂತು: ಜುಹೂವಿನಲ್ಲಿ ನೆಲೆಸಿದ 2ನೇ ಕರಾವಳಿ ರಕ್ಷಣಾ ತುಕಡಿ. ಅರಬ್ಬೀ ಸಮುದ್ರದ ಮೇಲೆ ಗಸ್ತು ತಿರುಗುವುದು, ಬಂದರಿಗೆ ಬರುವ ಹಡಗುಗಳ ಮೇಲೆ ಕಣ್ಣಿಡುವುದು ಅದರ ಕೆಲಸ.

ಈ ತುಕಡಿಯ ವಿಮಾನವೂ ವಪಿಟಿಯೇ. ಮಹಾಯುದ್ಧದಲ್ಲಿ ಉಳಿದ ಡಿಎಚ್ 9ಎ ವಿಮಾನದ ಬಿಡಿಭಾಗಗಳನ್ನು ಬಳಸಿಕೊಳ್ಳಬೇಕೆಂಬ ಷರತ್ತಿನ ಮೇಲೆ 1927ರಲ್ಲಿ ತಯಾರಾದ ವಿಮಾನ ಅದು. ಆಯುಧದ ಏರ್ಪಾಟೂ ಹಳೆಯದೇ ಆಗಿತ್ತು: ಪೈಲಟ್‌ಗೆ ಪ್ರೊಪೆಲರಿನ ನಡುವಿನಿಂದ ಹಾರುವ ಒಂದು ವಿಕರ್ಸ್, ಹಿಂದಿನ ವೀಕ್ಷಕನಿಗೆ ಸ್ಕಾರ್ಫ್ ಬಳೆಯ ಮೇಲೆ ಒಂದು ಲೂಯಿಸ್, ಅಡಿಯಲ್ಲಿ ಸುಮಾರು 580 ಪೌಂಡ್ ಬಾಂಬು. ವೆಲಿಂಕರ್ ಹಿಡಿದಿದ್ದ ಎರಡೂ ಬಗೆಯ ಬಂದೂಕುಗಳು 20 ವರ್ಷಗಳ ಬಳಿಕ ಅವರ ಊರಿನ ಕಡಲ ಕಾವಲಿಗೆ ನಿಂತಿದ್ದವು.

ಬಂದೂಕು ರೆಕ್ಕೆಗೆ ಸರಿದದ್ದು

ಇಂಗ್ಲೆಂಡಿನಲ್ಲಿ ಅಷ್ಟರೊಳಗೆ ಪ್ರೊಪೆಲರಿನ ಸಮಸ್ಯೆಯೇ ಇಲ್ಲವಾಗತೊಡಗಿತ್ತು. ರಾಯಲ್ ಏರ್‌ಫೋರ್ಸಿನ ಕೊನೆಯ ದ್ವಿತಲ ಫೈಟರ್ ಗ್ಲಾಡಿಯೇಟರ್‌ವರೆಗೂ ಕಾನ್‌ಸ್ಟಾಂಟಿನೆಸ್ಕು ಸಾಧನ ಬಳಕೆಯಲ್ಲಿತ್ತು. ಲೋಹದ ಏಕತಲ ವಿಮಾನಗಳ ರೆಕ್ಕೆ ಬಂದೂಕುಗಳನ್ನು ಒಳಗೇ ಹುದುಗಿಸಿಕೊಳ್ಳುವಷ್ಟು ಗಟ್ಟಿಯಾಗಿತ್ತು. ಸ್ಪಿಟ್‌ಫೈರ್‌ನ ಮೊದಲ ಮಾದರಿಗಳಲ್ಲಿ ಎರಡೂ ರೆಕ್ಕೆಗಳಲ್ಲಿ ಸೇರಿ 8 ಬ್ರೌನಿಂಗ್ ಬಂದೂಕುಗಳಿದ್ದವು; ಪ್ರೊಪೆಲರಿನ ಸುತ್ತಳತೆಯ ಆಚೆಗಿದ್ದ ಅವುಗಳಿಗೆ ಯಾವ ಲಯದ ಹಂಗೂ ಇರಲಿಲ್ಲ. ಪೈಲಟ್‌ನ ಕೈಗೆ ಬಂದೂಕು ಎಟುಕದಿದ್ದರೂ ನಡೆಯುತ್ತಿತ್ತು, ಏಕೆಂದರೆ ಹೊಸ ಬಂದೂಕುಗಳು ಹಿಂದಿನವುಗಳಂತೆ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ.

ಯುದ್ಧನಿಧಿಗೆ ದೇಣಿಗೆ ನೀಡಿದ ಊರು, ಸಂಸ್ಥಾನಗಳ ಹೆಸರನ್ನು ಸ್ಕ್ವಾಡ್ರನ್ನುಗಳಿಗೆ ಇಡುವ ಪದ್ಧತಿಯಂತೆ 1941ರಲ್ಲಿ ರೂಪುಗೊಂಡ ಸ್ಪಿಟ್‌ಫೈರ್ ಸ್ಕ್ವಾಡ್ರನ್ನುಗಳಲ್ಲಿ ಕೆಲವು ಭಾರತದ ಹೆಸರು ಹೊತ್ತವು. 129ನೆಯದು ಮೈಸೂರು ಸ್ಕ್ವಾಡ್ರನ್; ಅದರ ಲಾಂಛನ ಗಂಡಭೇರುಂಡ. 132ನೆಯದು ಸಿಟಿ ಆಫ್ ಬಾಂಬೆ ಸ್ಕ್ವಾಡ್ರನ್. ಜುಹೂವಿನ ತುಕಡಿ ವಿಕರ್ಸ್ ಮತ್ತು ಲೂಯಿಸ್ ಬಂದೂಕುಗಳನ್ನೇ ಹೊತ್ತು ಹಾರುತ್ತಿದ್ದ ದಿನಗಳಲ್ಲೇ ಮುಂಬಯಿ ಹೆಸರಿನ ಈ ಸ್ಕ್ವಾಡ್ರನ್ ರೆಕ್ಕೆಯ ಬಂದೂಕುಗಳ ಕಾಲಕ್ಕೆ ಕಾಲಿಟ್ಟಿತ್ತು.