ಒಂದು ಬಲೂನು, ಒಂದು ದಾರ, ಒಂದು ಯುದ್ಧ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಒಂದ್ಸಲ ಸ್ಕೂಲಿನ ಇತಿಹಾಸದ ಪಾಠ ನೆನಪಿಸ್ಕೊಳ್ಳಿ. ಎರಡನೇ ಆಂಗ್ಲೋ-ಮೈಸೂರು ಯುದ್ಧ: ಕಾರಣಗಳು, ಪರಿಣಾಮಗಳು, ಇಸವಿ. ಪರೀಕ್ಷೆಗೆ ಬರೆದ್ವಿ, ಮಾರನೇ ದಿನ ಮರೆತ್ವಿ.

ಅದೇ ಪಾಠವನ್ನ ಇವತ್ತು ಒಂದು ಬಲೂನಿನಿಂದ ಶುರು ಮಾಡೋಣ. ಯಾವ ಶಾಲೆಯಲ್ಲಾದರೂ ಮಾಡಬಹುದಾದ ಚಟುವಟಿಕೆ ಇದು.

ಬಲೂನು ಊದಿ, ಬಾಯಿ ಕಟ್ಟದೆ ಬಿಟ್ಟುಬಿಡಿ. ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ. ಆದರೆ ಹೋಗೋದೆಲ್ಲಿಗೆ? ಫ್ಯಾನಿಗೆ, ಕಿಟಕಿಗೆ, ಮೇಷ್ಟ್ರ ತಲೆಗೆ! ಈಗ ಅದಕ್ಕೊಂದು ಸ್ಟ್ರಾ ಅಂಟಿಸಿ, ಗೋಡೆಯಿಂದ ಗೋಡೆಗೆ ಕಟ್ಟಿದ ದಾರಕ್ಕೆ ಪೋಣಿಸಿ ಬಿಡಿ. ನೆಟ್ಟಗೆ ಹೋಗುತ್ತೆ. ಯುದ್ಧಭೂಮಿಯಲ್ಲಿ ದಾರ ಕಟ್ಟೋಕಾಗಲ್ಲ. ಅದಕ್ಕೇ ಹೈದರ್ ಮತ್ತು ಟಿಪ್ಪು ಕಾಲದ ರಾಕೆಟ್‌ಗೆ ಉದ್ದನೆಯ ಬಿದಿರಿನ ಕೋಲು ಕಟ್ಟುತ್ತಿದ್ದರು, ಗಾಳಿಪಟಕ್ಕೆ ಬಾಲಂಗೋಚಿ ಇದ್ದ ಹಾಗೆ.

ಎರಡನೇ ಪ್ರಶ್ನೆ. ಇನ್ನೂ ದೂರ ಹೋಗಲಿ ಅಂತ ಬಲೂನನ್ನ ಇನ್ನೂ ಊದಿದರೆ? ಒಡೆದುಹೋಗುತ್ತೆ. ಕಾಗದದ ಕೊಳವೆಯ ರಾಕೆಟ್‌ದೂ ಅದೇ ಪಾಡು. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಮದ್ದನ್ನು ಗಟ್ಟಿಯಾಗಿ ತುಂಬಬಹುದು, ಒತ್ತಡ ತಡೆಯುತ್ತೆ, ಹೆಚ್ಚು ದೂರ ಹಾರುತ್ತೆ. ಇದು ಇಸವಿ ಬಾಯಿಪಾಠ ಮಾಡಿ ತಿಳಿಯೋ ವಿಷಯ ಅಲ್ಲ; ಬಲೂನು ಢಬ್ ಅಂದಾಗ ತಿಳಿಯೋದು.

ಈ ರಾಕೆಟ್‌ಗಳು ಬರೀ ಪುಸ್ತಕದಲ್ಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಒಂದು ಪಾಳು ಬಾವಿ ಅಗೆದಾಗ ಮಣ್ಣಿನಲ್ಲಿ ಮದ್ದಿನ ವಾಸನೆ ಬಂತು. ಒಳಗೆ ಸಿಕ್ಕಿದ್ದು ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು!

ಇನ್ನೊಂದು ಕಡೆ ಬ್ರಿಟಿಷರು 1799ರಲ್ಲಿ ಶ್ರೀರಂಗಪಟ್ಟಣ ಗೆದ್ದ ಮೇಲೆ ಇಂಥ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಸುಧಾರಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬಿದ್ದದ್ದು ಅವನ ರಾಕೆಟ್‌ಗಳೇ.

ಇಷ್ಟು ಕೇಳಿದ ಕ್ಲಾಸು ಚಪ್ಪಾಳೆ ತಟ್ಟುತ್ತೆ. ‘ನಮ್ಮವರು ಮೊದಲು ಮಾಡಿದ್ದು!’ ಹೆಮ್ಮೆ ಸರಿ. ಆದರೆ ಚಟುವಟಿಕೆ ಇಲ್ಲಿಗೇ ನಿಂತರೆ ಪಾಠ ಅರ್ಧ ಆದ ಹಾಗೆ.

ಮೂರನೇ ಭಾಗಕ್ಕೆ ಒಂದು ಚಿತ್ರ ಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಗೋಡೆ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಕಾಂಚೀಪುರದ ಹತ್ತಿರ, 1780ರ ಸೆಪ್ಟೆಂಬರ್ 10ರಂದು ನಡೆದ ಕಾಳಗ. ಮಕ್ಕಳಿಗೆ ಹುಡುಕೋಕೆ ಹೇಳಿ: ಪಲ್ಲಕ್ಕಿಯಲ್ಲಿ ಯಾರಿದ್ದಾರೆ? ಗಾಯಗೊಂಡ ಕರ್ನಲ್ ಬೈಲಿ. ಸಿಡಿಯುತ್ತಿರೋದು ಏನು? ಕಂಪನಿಯ ಮದ್ದಿನ ಬಂಡಿ.

ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ. ಬೈಲಿಯ ಸೈನ್ಯದಲ್ಲಿ ಹೆಚ್ಚಾಗಿ ಇದ್ದವರು ಯಾರು?

ಭಾರತೀಯ ಸಿಪಾಯಿಗಳು. ಕಂಪನಿಯ ಸಂಬಳಕ್ಕೆ ದುಡಿಯುತ್ತಿದ್ದ ಇಲ್ಲಿಯವರೇ. ರಾಕೆಟ್ ಹಾರಿಸಿದ ಕಡೆಯೂ ಇಲ್ಲಿಯವರು, ಅದು ಬಿದ್ದ ಕಡೆಯೂ ಇಲ್ಲಿಯವರು.

ಈ ಪ್ರಶ್ನೆ ಕೇಳಿದಾಗ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾದರೆ ಅವಸರ ಮಾಡಬೇಡಿ. ‘ನಾವು’, ‘ಅವರು’ ಅಂತ ಗೆರೆ ಎಳೆಯೋದು ನಾವು ಅಂದುಕೊಂಡಷ್ಟು ಸುಲಭ ಅಲ್ಲ ಅಂತ ಅವರಿಗೆ ಆಗ ಅರ್ಥ ಆಗ್ತಿರುತ್ತೆ. ಯುದ್ಧವನ್ನ ಆಟದ ಮೂಲಕ ಕಲಿಯಬಹುದು. ಆದರೆ ಯುದ್ಧ ಆಟ ಅಲ್ಲ ಅನ್ನೋದನ್ನೂ ಅದೇ ಪಾಠ ಕಲಿಸಬೇಕು.

ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದರೆ ಸೆಲ್ಫಿಗೆ ಮೊದಲು ಆ ಗೋಡೆ ಮುಂದೆ ಐದು ನಿಮಿಷ ನಿಲ್ಲಿ. ಮತ್ತೆ ಸಿಗೋಣ.