ಕೆಟ್ಟ ಭಾಗವೋ, ಕರಗಿದ ಮೀಸಲೋ: ಮಾರ್ಪಡಿಸಿದ ಟರ್ಬೊ ಕಾರುಗಳ ಮಿಸ್‌ಫೈರ್ ನಿದಾನ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ವಿಜಯಪುರದ ಕಡೆ ಹೋಗುವ ಹೆದ್ದಾರಿ ಮಲಪ್ರಭೆಯ ದಂಡೆಯ ಕೊಣ್ಣೂರಿನ ಮೇಲೆ ಹಾಯುತ್ತದೆ. ಅಕ್ಕಪಕ್ಕ ಎರೆಹೊಲ, ಘಟ್ಟದ ಏರಿಳಿತವಿಲ್ಲದ ದಾರಿ. ಕಬ್ಬು ಅರೆಯುವ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ನಿಧಾನವಾಗಿ ಸಾಗುವ ಟ್ರ್ಯಾಕ್ಟರನ್ನು ಹಿಂದಿಕ್ಕಬೇಕಾದ ಕಾರಿನವನು ಸಾಮಾನ್ಯವಾಗಿ ಗೇರ್ ಇಳಿಸುವುದಿಲ್ಲ. ನಾಲ್ಕನೆಯ ಗೇರಿನಲ್ಲೇ, 2,000 ಆರ್‌ಪಿಎಂ ಆಸುಪಾಸಿನಲ್ಲಿ, ಎಕ್ಸಲರೇಟರನ್ನು ಪೂರ್ತಿ ಒತ್ತುತ್ತಾನೆ. ರಿಮ್ಯಾಪ್ ಮಾಡಿಸಿ ಬೂಸ್ಟ್ ಏರಿಸಿಕೊಂಡ ಟರ್ಬೊ ಪೆಟ್ರೋಲ್ ಕಾರು ಮುಗ್ಗರಿಸುವುದು ಇಂಥ ಗಳಿಗೆಯಲ್ಲೇ. ‘ಗಾಡಿ ಮಿಸ್ಸಿಂಗ್ ಹೊಡ್ಯಾಕತ್ತೈತಿ, ಪಿಕಪ್ ತಗೊಳ್ವಲ್ದು’ ಎಂಬ ದೂರು ಹೊತ್ತು ಅದು ಗ್ಯಾರೇಜಿಗೆ ಬರುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0300 ಎಂಬ ಮಿಸ್‌ಫೈರ್ ಕೋಡ್. ಮೊದಲು ಪ್ಲಗ್, ಆಮೇಲೆ ಕಾಯಿಲ್, ಕೊನೆಗೆ ಇಂಜೆಕ್ಟರ್ ಬದಲಾಗುತ್ತವೆ. ಮೂಲ ಸ್ಥಿತಿಯ ಕಾರಿಗೆ ಈ ಪದ್ಧತಿ ಹೇಗೋ ಒಗ್ಗೀತು. ಮಾರ್ಪಡಿಸಿದ ಕಾರಿಗೆ ಒಗ್ಗುವುದಿಲ್ಲ ಎಂಬುದು ಈ ಲೇಖನದ ವಾದ. ಇಲ್ಲಿ ಬಹುತೇಕ ಯಾವ ಭಾಗವೂ ಕೆಟ್ಟಿರುವುದಿಲ್ಲ. ಎಂಜಿನ್ ರೂಪಿಸಿದವರು ಬಿಟ್ಟಿದ್ದ ಮೀಸಲು ಸಾಮರ್ಥ್ಯ ಮುಗಿದಿರುತ್ತದೆ. ಆದ್ದರಿಂದ ನಿದಾನಕ್ಕೆ ಮೊದಲ ಸಾಕ್ಷ್ಯ ಕೋಡ್ ಅಲ್ಲ. ಯಾವ ಗೇರು, ಎಷ್ಟು ಹೊರೆ, ಎಂಥ ರಸ್ತೆಯಲ್ಲಿ ಎಂಜಿನ್ ತಪ್ಪಿತು ಎಂಬ ವಿವರ.

ಕೋಡಿನ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಸಿಲಿಂಡರಿನೊಳಗೆ ಕಿಡಿ ಹೊತ್ತಿತೋ ಇಲ್ಲವೋ ಎಂಬುದನ್ನು ಸಾಮಾನ್ಯ ಕಾರುಗಳ ಎಂಜಿನ್ ನಿಯಂತ್ರಕವಾದ ಇಸಿಯು ನೇರವಾಗಿ ಅರಿಯದು. ಕ್ರ್ಯಾಂಕಿನೊಡನೆ ತಿರುಗುವ ಹಲ್ಲಿನ ಚಕ್ರದ ವೇಗವನ್ನಷ್ಟೇ ಅದು ಅಳೆಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ 180 ಡಿಗ್ರಿಗೊಮ್ಮೆ, ಮೂರು ಸಿಲಿಂಡರಿನದರಲ್ಲಿ 240 ಡಿಗ್ರಿಗೊಮ್ಮೆ ದಹನ ನಡೆಯಬೇಕು; ಒಂದು ತಪ್ಪಿದರೆ ಕ್ರ್ಯಾಂಕ್ ಆ ತುಣುಕನ್ನು ದಾಟಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಈ ವಿಳಂಬವೇ ಮಿಸ್‌ಫೈರ್ ಎಂದು ದಾಖಲಾಗುತ್ತದೆ. ಆದರೆ ಚಕ್ರ ಗುಂಡಿಗೆ ಇಳಿದಾಗಲೂ ಅದೇ ಬಗೆಯ ಎಳೆತ ಕ್ರ್ಯಾಂಕಿನವರೆಗೆ ಮುಟ್ಟುತ್ತದೆ. ಅದಕ್ಕೆಂದೇ ಹಲವು ಕಾರುಗಳು ಎಬಿಎಸ್‌ನ ಚಕ್ರವೇಗ ಸೆನ್ಸರ್ ನೋಡಿ, ರಸ್ತೆ ಕೆಟ್ಟದ್ದೆಂದು ಕಂಡಾಗ ಎಣಿಕೆಯನ್ನು ತಡೆಹಿಡಿಯುತ್ತವೆ. ಮಳೆಗಾಲದಲ್ಲಿ ಎರೆಮಣ್ಣು ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಅಲೆಯಲೆಯಾದ ಒಳರಸ್ತೆಗಳಲ್ಲಿ ನಿಜವಾದ ಮಿಸ್‌ಫೈರ್ ಕೂಡ ಲೆಕ್ಕಕ್ಕೆ ಸಿಗದೆ ಹೋಗಬಹುದು. ಹಗುರವಾದ ಫ್ಲೈವೀಲ್ ಹಾಕಿಸಿದ ಕಾರಿನಲ್ಲಿ ಇದರ ತಿರುವುಮುರುವು: ಕ್ರ್ಯಾಂಕಿನ ಸಹಜ ಓಲಾಟವೇ ಹೆಚ್ಚಿ, ದಹನ ಸರಿಯಿದ್ದರೂ ಕೋಡ್ ಬರುತ್ತದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹಾಕಿ ದಾಖಲಿಸಿದರೆ ಸಾಲದೇ ಎನ್ನಬಹುದು. 3,000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 100 ಬಾರಿ ದಹಿಸುತ್ತದೆ. ಸೆಕೆಂಡಿಗೆ ಕೆಲವೇ ಬಾರಿ ಓದುವ ಉಪಕರಣಕ್ಕೆ ತಪ್ಪಿದ ಒಂದು ದಹನ ಕಾಣುವುದಿಲ್ಲ. ಹೊರೆ, ಬೂಸ್ಟ್, ತಾಪಗಳ ಹಿನ್ನೆಲೆಯನ್ನು ಹಿಡಿದಿಡಲು ಮಾತ್ರ ಅದು ಸಾಕು.

ಈಗ ಆ ನಾಲ್ಕನೆಯ ಗೇರಿನ ಗಳಿಗೆಗೆ ಬರೋಣ. ಸಣ್ಣ ಟರ್ಬೊ ಎಂಜಿನ್‌ಗಳು ಗರಿಷ್ಠ ಟಾರ್ಕನ್ನು ಬಹಳ ಕೆಳಗಿನ ವೇಗದಲ್ಲೇ ಕೊಡುತ್ತವೆ. 2013ರಲ್ಲಿ ಭಾರತಕ್ಕೆ ಬಂದ ಪೋಲೊ ಜಿಟಿ ಟಿಎಸ್‌ಐನ 1.2 ಲೀಟರ್ ಎಂಜಿನ್ 175 ನ್ಯೂಟನ್ ಮೀಟರನ್ನು 1,500 ಆರ್‌ಪಿಎಂನಿಂದಲೇ ಕೊಡುತ್ತಿತ್ತು. ಅಂದರೆ ಸಿಲಿಂಡರಿನಲ್ಲಿ ಗಾಳಿ ಅತಿ ಒತ್ತಾಗಿ ತುಂಬುವುದು ಕೆಂಪುಗೆರೆಯ ಹತ್ತಿರವಲ್ಲ, ಟ್ರ್ಯಾಕ್ಟರ್ ಹಿಂದಿಕ್ಕುವ ಈ ವೇಗದಲ್ಲಿ. ಎರಡು ಎಲೆಕ್ಟ್ರೋಡುಗಳ ನಡುವೆ ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಸಾಂದ್ರತೆ ಮತ್ತು ಸಂದಿನ ಅಂತರ ಇವೆರಡರ ಗುಣಲಬ್ಧವನ್ನು ಅನುಸರಿಸುತ್ತದೆ ಎಂದು ಫ್ರೀಡ್ರಿಖ್ ಪಾಶೆನ್ 1889ರಲ್ಲೇ ತೋರಿಸಿದ್ದರು. ಬೂಸ್ಟ್ 0.8 ಬಾರ್‌ನಿಂದ 1.3 ಬಾರ್‌ಗೆ ಏರಿತೆನ್ನಿ. ವಾತಾವರಣದ ಒತ್ತಡ ಸೇರಿಸಿದರೆ 1.8ರಿಂದ 2.3, ತಾಪ ಒಂದೇ ಇದ್ದಲ್ಲಿ ಸಾಂದ್ರತೆ ಶೇ 28ರಷ್ಟು ಹೆಚ್ಚಿದಂತಾಯಿತು. ಕಾಯಿಲಿನ ಮೇಲೆ ಬೀಳುವ ಬೇಡಿಕೆಯೂ ಸುಮಾರು ಅಷ್ಟೇ ಏರುತ್ತದೆ. ಬೇಡಿಕೆಯನ್ನು ಮೊದಲಿನ ಮಟ್ಟಕ್ಕೆ ತರಬೇಕಾದರೆ 0.8 ಮಿಲಿಮೀಟರ್ ಸಂದನ್ನು 0.63ರ ಹತ್ತಿರಕ್ಕೆ ಇಳಿಸಬೇಕು. ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ: ನಾಕಿಂಗ್ ತಡೆಯಲು ರಿಮ್ಯಾಪ್ ಮಾಡುವವರು ಕಿಡಿಯನ್ನು ತಡವಾಗಿ ಹಾರಿಸುತ್ತಾರೆ, ತಡವಾದಷ್ಟೂ ಪಿಸ್ಟನ್ ಮೇಲಕ್ಕೆ ಬಂದಿರುತ್ತದೆ, ಅನಿಲ ಇನ್ನಷ್ಟು ಒತ್ತಾಗಿರುತ್ತದೆ. ಎಂಜಿನ್ನನ್ನು ಕಾಪಾಡಲು ಮಾಡಿದ ಕ್ರಮವೇ ಕಿಡಿಗೆ ಭಾರವಾಗುತ್ತದೆ. ಕಾಯಿಲು ಕೆಟ್ಟಿಲ್ಲ, ಅದಕ್ಕೆ ಒಪ್ಪಿಸಿದ ಕೆಲಸ ಬದಲಾಗಿದೆ.

ಹೊಸ ಪ್ಲಗ್ ಹಾಕಿದೊಡನೆ ಗಾಡಿ ಸರಿಯಾಯಿತಲ್ಲ, ಹಳೆಯದು ಕೆಟ್ಟಿತ್ತೆಂಬುದಕ್ಕೆ ಇನ್ನೇನು ಪುರಾವೆ ಬೇಕು ಎಂಬುದು ಮೆಕ್ಯಾನಿಕರ ಮೊದಲ ಆಕ್ಷೇಪ. ಅನುಭವದಿಂದ ಬಂದ ಮಾತಾದ್ದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಹೊಸ ಎಲೆಕ್ಟ್ರೋಡಿನ ಅಂಚು ಚೂಪಾಗಿರುತ್ತದೆ; ವಿದ್ಯುತ್ ಕ್ಷೇತ್ರ ಅಲ್ಲಿ ಕೇಂದ್ರೀಕರಿಸಿ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ಓಡಿದಂತೆ ಅಂಚು ಸವೆದು ದುಂಡಾಗುತ್ತದೆ, ಸಂದು ಅಗಲವಾಗುತ್ತದೆ, ದೂರು ಮರಳುತ್ತದೆ. ಮೂಲ ಬೂಸ್ಟಿನಲ್ಲಿ ಇನ್ನೂ ಬಹುಕಾಲ ಬಾಳಬಹುದಾಗಿದ್ದ ಪ್ಲಗ್ ಹೆಚ್ಚಿದ ಬೂಸ್ಟಿನಲ್ಲಿ ಬೇಗ ಸೋಲುತ್ತದೆ. ಹೊಸ ಪ್ಲಗ್ ಕಳೆದುಹೋದ ಮೀಸಲಿನ ಒಂದು ಪಾಲನ್ನು ಕೆಲಕಾಲಕ್ಕೆ ಹಿಂದಿರುಗಿಸಿತು, ಅಷ್ಟೆ. ಅದೇ ಹಳೆಯ ಪ್ಲಗ್ಗುಗಳನ್ನು ಬಿಚ್ಚಿ, ಫೀಲರ್ ಗೇಜಿನಿಂದ ಅಳೆದು, ಸಂದು ಕಿರಿದು ಮಾಡಿ ಮತ್ತೆ ಹಾಕಿ ನೋಡುವುದು ಇದಕ್ಕಿಂತ ಒಳ್ಳೆಯ ಪರೀಕ್ಷೆ; ಇರಿಡಿಯಂ ಪ್ಲಗ್ಗಿನ ಸಪೂರ ತುದಿಗೆ ಮಾತ್ರ ತಾಗಿಸಬಾರದು. ಭಾಗ ಅದೇ ಇದ್ದು ದೋಷ ಹೋದರೆ ಕಾರಣ ಭಾಗದ್ದಲ್ಲ ಎಂದಾಯಿತು. ಕಾಯಿಲುಗಳನ್ನು ಸಿಲಿಂಡರಿಂದ ಸಿಲಿಂಡರಿಗೆ ಅದಲುಬದಲು ಮಾಡುವ ಹಳೆಯ ಪರೀಕ್ಷೆ ಒಂದೇ ಸಿಲಿಂಡರ್ ತಪ್ಪುತ್ತಿದ್ದರೆ ಈಗಲೂ ಉತ್ತಮವೇ. ಹಲವು ಸಿಲಿಂಡರುಗಳಲ್ಲಿ ದೋಷ ಚದುರಿದಾಗ ಅದರಿಂದ ಏನೂ ತಿಳಿಯದು.

ಎರಡನೆಯ ಆಕ್ಷೇಪ ಇಂಧನದ್ದು, ಮತ್ತು ಅದು ಹೆಚ್ಚು ಗಟ್ಟಿಯಾದದ್ದು. ದಾಖಲೆಯಲ್ಲಿ ಮಿಸ್‌ಫೈರ್ ಆದಲ್ಲೆಲ್ಲ ಆಕ್ಸಿಜನ್ ಸೆನ್ಸರ್ ‘ಲೀನ್’ ಎನ್ನುತ್ತಿದ್ದರೆ, ಪೆಟ್ರೋಲ್ ಸಾಲುತ್ತಿಲ್ಲ ಎಂದು ತಾನೇ ಅರ್ಥ? ಅಲ್ಲ. ಹೊತ್ತದೆ ಹೋದ ಸಿಲಿಂಡರು ತನ್ನ ಪಾಲಿನ ಪೆಟ್ರೋಲನ್ನೂ ಗಾಳಿಯನ್ನೂ ಹಾಗೆಯೇ ಹೊರಗೆ ತಳ್ಳುತ್ತದೆ. ಸೆನ್ಸರ್ ಅಳೆಯುವುದು ಆಕ್ಸಿಜನ್ನನ್ನು. ಬಳಕೆಯಾಗದ ಆಕ್ಸಿಜನ್ ಕಂಡೊಡನೆ ಮಿಶ್ರಣ ತೆಳುವಾಗಿದೆ ಎನ್ನುತ್ತದೆ. ಇಂಧನ ಸರಿಯಾಗಿಯೇ ಬಿದ್ದಿತ್ತು, ಕಿಡಿ ತಪ್ಪಿತ್ತು. ಪರಿಣಾಮವನ್ನು ಕಾರಣವೆಂದು ಹಿಡಿದ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿದೀತು, ಗ್ಯಾರೇಜಿನವರು ಇಂಜೆಕ್ಟರ್ ಬದಲಿಸಿಯಾರು. ಇವೆರಡನ್ನು ಬೇರ್ಪಡಿಸಲು ಕ್ರಮವನ್ನು ನೋಡಬೇಕು. ಪಂಪ್ ಸೋಲುತ್ತಿದ್ದರೆ ಮೊದಲು ರೈಲ್ ಒತ್ತಡ ಗುರಿಯಿಂದ ಕೆಳಗೆ ಜಾರುತ್ತದೆ, ಮಿಶ್ರಣ ಮೆಲ್ಲಗೆ ತೆಳುವಾಗುತ್ತದೆ, ಎಂಜಿನ್ ತಪ್ಪುವುದು ಆಮೇಲೆ. ಅದೂ ಇಂಧನದ ಹರಿವು ಅತಿ ಹೆಚ್ಚು ಬೇಕಾಗುವ ಮೇಲಿನ ಆರ್‌ಪಿಎಂನಲ್ಲಿ. ರೈಲ್ ಒತ್ತಡ ಗುರಿಯಲ್ಲೇ ನಿಂತು, 2,000–3,000 ಆರ್‌ಪಿಎಂ ನಡುವೆ ಮೊದಲು ಜರ್ಕ್ ಹೊಡೆದು ಆಮೇಲೆ ‘ಲೀನ್’ ಬಂದರೆ ಅನುಮಾನ ಕಿಡಿಯ ಮೇಲೆಯೇ ಇರಬೇಕು.

ಇಂಧನದ ಮಾತು ಬಂದಾಗ ಈ ಭಾಗದಲ್ಲಿ ಬೆರಳು ಮೊದಲು ಹೋಗುವುದು ಎಥನಾಲಿನ ಕಡೆಗೆ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲೇ ಅದು ತಯಾರಾಗುತ್ತದೆ. ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದೂ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ. ಆರೋಪವನ್ನು ಲೆಕ್ಕದಿಂದ ಅಳೆಯಬಹುದು. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಟ್ಟು, ಎಥನಾಲಿಗೆ 9 ಪಟ್ಟು ಗಾಳಿ ಬೇಕು. ಇ10ಕ್ಕೆ ಇದು ಸುಮಾರು 14.1, ಇ20ಕ್ಕೆ ಸುಮಾರು 13.5. ಇ10ರಿಂದ ಇ20ಕ್ಕೆ ಬಂದಾಗ ಹೆಚ್ಚುವರಿಯಾಗಿ ಬೇಕಾಗುವುದು ಶೇ 4–5ರಷ್ಟು ಇಂಧನ. ಸೆನ್ಸರ್ ನೋಡಿಕೊಂಡು ಓಡುವಾಗ ಇಸಿಯು ಇದನ್ನು ಸುಲಭವಾಗಿ ಸರಿದೂಗಿಸುತ್ತದೆ. ಈ ಸರಿದೂಗಿಕೆಯ ಅಳತೆಯಾದ ದೀರ್ಘಾವಧಿ ಟ್ರಿಮ್ ಶೇ 15 ತೋರಿಸುತ್ತಿದ್ದರೆ ಉಳಿದ ಶೇ 10ಕ್ಕೆ ಎಥನಾಲ್ ಹೊಣೆಯಲ್ಲ. ಗಾಳಿ ಸೋರುವ ಪೈಪನ್ನೋ ಕಟ್ಟಿದ ಇಂಜೆಕ್ಟರನ್ನೋ ಹುಡುಕಬೇಕು. ಹಾಗೆಂದು ಎಥನಾಲನ್ನು ಪೂರ್ತಿ ಬಿಡುಗಡೆ ಮಾಡಲೂ ಆಗದು. ಇಂಜೆಕ್ಟರು, ಪಂಪುಗಳ ಕೊನೆಯ ಸಾಮರ್ಥ್ಯದವರೆಗೂ ರಿಮ್ಯಾಪ್ ಎಳೆದ ಕಾರಿನಲ್ಲಿ ಆ ಶೇ 4–5ಕ್ಕೂ ಜಾಗವಿರುವುದಿಲ್ಲ. ಅಲ್ಲಿಯೂ ಸಿಗುವ ಕಾರಣ ಮೀಸಲಿನ ಕೊರತೆಯೇ. ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳಕ್ಕಿಳಿದಿದ್ದರೆ ಮಾತು ಬೇರೆ. ಆಗ ಎಂಜಿನ್ ಹೊರೆಯನ್ನು ಕಾಯದೆ, ಐಡ್ಲಿಂಗಿನಲ್ಲೂ ತಪ್ಪುತ್ತದೆ.

ಹಾಗಾದರೆ ಭಾಗಗಳು ಕೆಡುವುದೇ ಇಲ್ಲವೇ? ಕೆಡುತ್ತವೆ. ನಾಕಿಂಗ್ ತಾಳಲಾರದೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಬಿರಿಯುವುದು, ವಾಲ್ವ್ ಸುಡುವುದು ಇಂಥ ಎಂಜಿನ್‌ಗಳಲ್ಲಿ ನಡೆಯುವಂಥದೇ. ಆದರೆ ಅವುಗಳ ಲಕ್ಷಣ ತದ್ವಿರುದ್ಧ. ಕಂಪ್ರೆಷನ್ ಸೋರುವ ಸಿಲಿಂಡರು ನಿಧಾನ ವೇಗದಲ್ಲಿ ಹೆಚ್ಚು ಸೋರುತ್ತದೆ, ವೇಗ ಏರಿದಂತೆ ಸೋರಲು ಸಮಯ ಸಿಗದೆ ಮರೆಯಾಗುತ್ತದೆ; ನಿಂತಲ್ಲಿ ನಡುಗಿ, ಓಡುವಾಗ ಸುಮ್ಮನಾಗುತ್ತದೆ. ಕಿಡಿಯ ಮೀಸಲು ಮುಗಿದ ಎಂಜಿನ್ ನಿಂತಲ್ಲಿ ಶಾಂತ, ಹೊರೆ ಬಿದ್ದಾಗ ಅಸ್ವಸ್ಥ. ಈ ಒಂದು ಭೇದವನ್ನು ಮೊದಲೇ ಕೇಳಿ ಬರೆದುಕೊಂಡರೆ ಲೀಕ್‌ಡೌನ್ ಪರೀಕ್ಷೆ ಯಾವ ಕಾರಿಗೆ ಬೇಕು, ಯಾವುದಕ್ಕೆ ಬೇಡ ಎಂಬುದು ತೀರ್ಮಾನವಾಗುತ್ತದೆ.

ಎಲ್ಲಕ್ಕಿಂತ ನಿರ್ಣಾಯಕವಾದ ಪರೀಕ್ಷೆಗೆ ಸ್ಪ್ಯಾನರೇ ಬೇಡ. ಯಂತ್ರಭಾಗಗಳನ್ನು ಮುಟ್ಟದೆ ಮೂಲ ಮ್ಯಾಪ್ ಮರಳಿ ಹಾಕಿ, ಅದೇ ಗೇರು, ಅದೇ ವೇಗ, ಅದೇ ಹೊರೆಯಲ್ಲಿ, ಸಾಧ್ಯವಾದರೆ ಡೈನೊ ಮೇಲೆ, ಓಡಿಸಿ ನೋಡುವುದು. ದೋಷ ಮಾಯವಾದರೆ ಕೆಟ್ಟ ಭಾಗ ಹುಡುಕುವ ಅಗತ್ಯ ಬಹುಮಟ್ಟಿಗೆ ತೀರಿತು. ವಿಷಾದವೆಂದರೆ, ಈ ಪರೀಕ್ಷೆ ದಿನನಿತ್ಯ ನಡೆಯುತ್ತಿದ್ದರೂ ಅದರ ಫಲ ಯಾರಿಗೂ ದಕ್ಕುವುದಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ವಾರಂಟಿಯ ಭಯವೂ ಸೇರಿ, ಮಾಲೀಕರು ಸರ್ವಿಸ್ ಸೆಂಟರಿಗೆ ಹೋಗುವ ಮುನ್ನ ಮೂಲ ಮ್ಯಾಪ್ ಹಾಕಿಸಿಕೊಂಡು ಹೋಗುತ್ತಾರೆ. ಅಲ್ಲಿ ಗಾಡಿ ಸುಸೂತ್ರವಾಗಿ ಓಡುತ್ತದೆ, ಜಾಬ್ ಕಾರ್ಡಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆಯಲಾಗುತ್ತದೆ. ದೋಷದ ಮೂಲ ಕಂಡುಬಂದಿತ್ತು, ಆದರೆ ಮ್ಯಾಪ್ ಬದಲಾದದ್ದು ಮೆಕ್ಯಾನಿಕರಿಗೆ ಗೊತ್ತಿಲ್ಲ, ದೋಷ ಹೋದದ್ದರ ಅರ್ಥ ಮಾಲೀಕರಿಗೆ ಗೊತ್ತಿಲ್ಲ. ಆ ಕಾರ್ಡಿನಲ್ಲಿ ಬೂಸ್ಟ್, ಪ್ಲಗ್ಗಿನ ಸಂದು, ತಪ್ಪಿದಾಗಿನ ಗೇರು ಮತ್ತು ಆರ್‌ಪಿಎಂ ಎಂಬ ನಾಲ್ಕು ಖಾನೆಗಳಿದ್ದು, ಭರ್ತಿ ಮಾಡಿದವರಿಗೆ ವಾರಂಟಿ ತಪ್ಪುವುದಿಲ್ಲವೆಂಬ ಭರವಸೆ ಇದ್ದಿದ್ದರೆ ಇಂಜೆಕ್ಟರುಗಳು ಸುಮ್ಮನೆ ಬದಲಾಗುತ್ತಲೇ ಇರುವುದು ತಪ್ಪುತ್ತಿತ್ತು.