ಅಚ್ಚು ಮಾಡುವ ಬಗೆಯನ್ನು ಬರೆದಿಟ್ಟವರು

ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಪ್ರತಿ ಸೆಮಿಸ್ಟರಿಗೂ ಕೇಳಿಬರುವ ಒಂದು ಮಾತಿದೆ: ‘ಸರ್, ನನ್ನ ಲ್ಯಾಪ್‌ಟಾಪಿನ್ಯಾಗ ಚಲೋ ನಡೀತಿತ್ರೀ, ಇಲ್ಲೆ ಯಾಕೋ ಓಡವಲ್ದು.’ ಹುಡುಗ ಸುಳ್ಳು ಹೇಳುತ್ತಿರುವುದಿಲ್ಲ. ತನ್ನ ಪ್ರೋಗ್ರಾಮಿನ ಕೆಳಗೆ ಯಾವ ಲೈಬ್ರರಿಯ ಯಾವ ಆವೃತ್ತಿ ಇತ್ತು, ಯಾವುದರ ನಂತರ ಯಾವುದನ್ನು ಹಾಕಿದ್ದ ಅನ್ನೋದು ಅವನಿಗೇ ನೆನಪಿಲ್ಲ, ಅಷ್ಟೆ. ಆ ನೆನಪನ್ನು ಒಂದು ಕಡತಕ್ಕೆ ಇಳಿಸಲು ಕಂಪ್ಯೂಟರ್ ಲೋಕಕ್ಕೆ ಸುಮಾರು ನಲವತ್ತು ವರ್ಷ ಹಿಡಿಯಿತು.

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಉಪಕರಣ ಬರೆದರು. ಪ್ರೋಗ್ರಾಮನ್ನು ಹೇಗೆ ಕಟ್ಟಬೇಕೆಂದು ಒಂದು ಕಡತದಲ್ಲಿ ಬರೆದಿಟ್ಟರೆ ಸಾಕು, ಒಂದೇ ಆದೇಶಕ್ಕೆ ಕೆಲಸ ಮುಗಿಯುತ್ತಿತ್ತು. ಆದರೆ ಪ್ರೋಗ್ರಾಮಿನ ಸುತ್ತಲಿನ ಪರಿಸರ ಹೊರಗೇ ಉಳಿಯಿತು. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ‘ಸಿಎಚ್-ರೂಟ್’ ಬಂತು. ಒಂದು ಫೋಲ್ಡರನ್ನೇ ಇಡೀ ವ್ಯವಸ್ಥೆ ಎಂದು ಪ್ರೋಗ್ರಾಮಿಗೆ ನಂಬಿಸುವ ಉಪಾಯ ಅದು. 2000ದಲ್ಲಿ ಫ್ರೀಬಿಎಸ್‌ಡಿಯ ‘ಜೈಲ್’ ಆ ಗೋಡೆಯನ್ನು ಇನ್ನಷ್ಟು ಗಟ್ಟಿ ಮಾಡಿತು. 2008ರ ಹೊತ್ತಿಗೆ ಲಿನಕ್ಸ್‌ನಲ್ಲೂ ಕಂಟೇನರ್ ನಡೆಸುವುದು ಸಾಧ್ಯವಾಯಿತು. ಗೋಡೆ ಎದ್ದಿತು. ಒಳಗಿನ ಸಾಮಾನು ಜೋಡಿಸೋ ಕೆಲಸ ಮಾತ್ರ ಇನ್ನೂ ಕೈಯಿಂದಲೇ ನಡೆಯುತ್ತಿತ್ತು.

2013ರ ಮಾರ್ಚ್‌ನಲ್ಲಿ ಸಾಲೊಮನ್ ಹೈಕ್ಸ್ ಅಮೆರಿಕದ ಪೈಕಾನ್ ಸಮ್ಮೇಳನದಲ್ಲಿ ಐದು ನಿಮಿಷ ಮಾತಾಡಿ ಡಾಕರ್ ಅನ್ನು ತೋರಿಸಿದರು. ಇಮೇಜ್ ಯಾವುದು, ಕಂಟೇನರ್ ಯಾವುದು ಅಂತ ಹುಡುಗರು ಗೊಂದಲ ಮಾಡಿಕೊಂಡಾಗ ನಾನು ಹೆಂಚು, ಮಡಕೆಗೆ ಹೆಸರಾದ ಖಾನಾಪುರದ ಕಡೆ ಕೈ ತೋರಿಸುತ್ತೇನೆ. ಇಮೇಜ್ ಅಂದರೆ ಹೆಂಚಿನ ಅಚ್ಚು. ಕಂಟೇನರ್ ಅಂದರೆ ಅದರಿಂದ ತೆಗೆದ ಹೆಂಚು. ಒಂದು ಅಚ್ಚಿನಿಂದ ಎಷ್ಟು ಹೆಂಚು ಬೇಕಾದರೂ ಬರುತ್ತವೆ. ಡಾಕರ್‌ನ ಮೊದಲ ದಿನಗಳಲ್ಲಿ ಈ ಅಚ್ಚನ್ನು ಕೈಯಿಂದ ತಿದ್ದಿ ‘ಕಮಿಟ್’ ಮಾಡಿ ಇಡುತ್ತಿದ್ದರು. ಅಚ್ಚು ಇರುತ್ತಿತ್ತು, ಹೆಂಗ ಮಾಡಿದ್ರು ಅಂತ ಕೇಳಿದರೆ ಉತ್ತರ ಇರುತ್ತಿರಲಿಲ್ಲ. ಅದೇ ವರ್ಷ ಡಾಕರ್‌ಫೈಲ್ ಬಂತು. ‘ಫ್ರಮ್’ ಸಾಲಿನಲ್ಲಿ ಬುನಾದಿ, ‘ರನ್’ ಸಾಲುಗಳಲ್ಲಿ ಕೆಲಸ. ‘ಡಾಕರ್ ಬಿಲ್ಡ್’ ಎಂದು ಟೈಪ್ ಮಾಡಿದರೆ ಸಾಲು ಸಾಲಾಗಿ ಅಚ್ಚು ತಯಾರು. ಅಚ್ಚು ನೂರಾರು ಎಂಬಿ ತೂಗಿದರೂ ಅದನ್ನು ಮಾಡುವ ಬಗೆ ಹತ್ತಿಪ್ಪತ್ತು ಸಾಲಿನಲ್ಲಿ ಮುಗಿಯಿತು. ಹಳ್ಳಿಯ ನೆಟ್‌ವರ್ಕಿನಲ್ಲೂ ಅದನ್ನು ವಾಟ್ಸಾಪಿನಲ್ಲಿ ಕಳಿಸಬಹುದು.

ಆದರೆ ನೂರಾರು ಜನ ಹಂಚಿಕೊಳ್ಳುವ ಸೂಪರ್‌ಕಂಪ್ಯೂಟರ್‌ಗಳಿಗೆ ಡಾಕರ್ ಒಗ್ಗಲಿಲ್ಲ. ಡಾಕರ್ ಬಳಸಲು ಬಿಟ್ಟರೆ ಯಂತ್ರದ ಯಜಮಾನಿಕೆಯನ್ನೇ ಕೊಟ್ಟಂತಾಗುತ್ತಿತ್ತು. ಅದಕ್ಕಾಗಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಗ್ರೆಗರಿ ಕರ್ಟ್ಜರ್ 2015ರಲ್ಲಿ ಸಿಂಗ್ಯುಲಾರಿಟಿ ಶುರು ಮಾಡಿದರು. 2021ರಲ್ಲಿ ಅದು ಲಿನಕ್ಸ್ ಫೌಂಡೇಶನ್ ಸೇರಿ ಆಪ್ಟೇನರ್ ಆಯಿತು. ಅಲ್ಲೂ ಡೆಫಿನಿಷನ್ ಫೈಲ್ ಇದೆ. ಏನೇನು ಹಾಕಬೇಕೆಂದು ‘ಪೋಸ್ಟ್’ ಭಾಗದಲ್ಲಿ ಬರೆಯುತ್ತಾರೆ. ಇಮೇಜ್ ಮಾತ್ರ ಪದರಪದರವಾಗಿರದೆ ಒಂದೇ ಕಡತವಾಗಿ ಹೊರಬರುತ್ತದೆ.

ಇಲ್ಲಿಗೆ ಕತೆ ಸುಖಾಂತ್ಯ ಅನ್ನಬೇಕು. ಹಾಗಾಗಲಿಲ್ಲ. ನನಗೆ ಗೊತ್ತಿರುವ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಮಳೆ ಮತ್ತು ಹರಿವಿನ ಲೆಕ್ಕವನ್ನು ಸೆಂಟ್‌ಓಎಸ್ 7ರ ಬುನಾದಿಯ ಮೇಲೆ ಕಟ್ಟಿದ್ದಳು. ಒಂದು ಅಂಕಿಯ ಬಗ್ಗೆ ಸಂಶಯ ಬಂದು, ಪ್ರಬಂಧದ ಪರೀಕ್ಷಕರು ಲೆಕ್ಕವನ್ನು ಮತ್ತೊಮ್ಮೆ ಓಡಿಸಿ ತೋರಿಸಲು ಹೇಳಿದರು. ಡೆಫಿನಿಷನ್ ಫೈಲ್ ಇದೆಯಲ್ಲ ಅಂತ ಧೈರ್ಯವಾಗಿ ‘ಬಿಲ್ಡ್’ ಕೊಟ್ಟಳು. ಎರಡನೇ ಸಾಲಿಗೇ ನಿಂತಿತು. ಸೆಂಟ್‌ಓಎಸ್ 7ರ ಆಯುಷ್ಯ 2024ರ ಜೂನ್ 30ಕ್ಕೆ ಮುಗಿದಿತ್ತು. ಪ್ಯಾಕೇಜುಗಳು ಹಳೆಯ ವಿಳಾಸ ಬಿಟ್ಟು ‘ವಾಲ್ಟ್’ ಎಂಬ ಸಂಗ್ರಹಕ್ಕೆ ಹೋಗಿದ್ದವು. ಅಡುಗೆಯ ಬಗೆ ಬರೆದಿತ್ತು, ಸಾಮಾನಿನ ಅಂಗಡಿ ಜಾಗ ಬದಲಿಸಿತ್ತು. ಸೆಂಟ್‌ಓಎಸ್ ಸ್ಥಾಪಕರಲ್ಲಿ ಕರ್ಟ್ಜರ್ ಕೂಡ ಒಬ್ಬರು. ಸೆಂಟ್‌ಓಎಸ್ 8 ಅನ್ನು ಅವಧಿಗೆ ಮೊದಲೇ ನಿಲ್ಲಿಸುವ ಸುದ್ದಿ 2020ರಲ್ಲಿ ಬಂದಾಗ ಅವರು ರಾಕಿ ಲಿನಕ್ಸ್ ಆರಂಭಿಸಿದ್ದರು.

ಅವಳನ್ನು ಉಳಿಸಿದ್ದು ಖಾನಾಪುರದ ಮನೆಯಲ್ಲಿದ್ದ ಹಾರ್ಡ್‌ಡಿಸ್ಕ್. ಮೂಲ ಇಮೇಜ್ ಅದರಲ್ಲಿತ್ತು. ಓಡಿಸಿದಾಗ ಅದೇ ಅಂಕಿ ಬಂತು. ಲೆಕ್ಕದಲ್ಲಿ ಏನೇನು ಬಳಸಿದ್ದೀರಿ ಎಂಬ ಪ್ರಶ್ನೆಗೆ ಉತ್ತರವೂ ಅದರೊಳಗೇ ಸಿಕ್ಕಿತು. ಆಪ್ಟೇನರ್ ತಾನು ಕಟ್ಟುವ ಇಮೇಜಿನೊಳಗೆ ಡೆಫಿನಿಷನ್ ಫೈಲಿನ ಪ್ರತಿಯನ್ನೂ ಇಡುತ್ತದೆ, ‘ಇನ್‌ಸ್ಪೆಕ್ಟ್’ ಆದೇಶದಿಂದ ಅದನ್ನು ಓದಬಹುದು. ಆಮೇಲೆ ಅವಳು ಅದೇ ಸಾಲುಗಳನ್ನು ರಾಕಿ ಲಿನಕ್ಸ್‌ಗೆ ಹೊಂದಿಸಿ ಬರೆದಳು.

ಬಗೆ ಮಾತ್ರ ಇದ್ದರೆ ಅಂದಿನ ಫಲಿತಾಂಶ ಸಿಗುವ ಖಾತ್ರಿಯಿಲ್ಲ. ಅಚ್ಚು ಮಾತ್ರ ಇದ್ದರೆ ಅದನ್ನು ತಿದ್ದಿ ಮುಂದುವರಿಸುವುದು ಕಷ್ಟ. ಆದ್ದರಿಂದ ಈಗ ಹುಡುಗರಿಗೆ ನಾನು ಹೇಳೋದು ಇಷ್ಟೇ: ಫ್ರಮ್ ಸಾಲಿನಲ್ಲಿ ‘ಲೇಟೆಸ್ಟ್’ ಅಂತ ಬರೀಬ್ಯಾಡ್ರಿ, ಆವೃತ್ತಿಯ ಸಂಖ್ಯೆ ಬರೀರಿ. ಬಿಲ್ಡ್ ಆದ ದಿನವೇ ಇಮೇಜಿನ ಒಂದು ಪ್ರತಿ ಮನ್ಯಾಗ ಎತ್ತಿಡ್ರಿ.